ಪೆಟ್ಟಿನ ಮನೆಯಲ್ಲಿ ಸುರಕ್ಷತೆಯ ಯೋಜನೆ

ಗಂಡನ ಕೈಯಿಂದ ಪೆಟ್ಟು ತಿನ್ನುತ್ತಿರುವ ಹೆಣ್ಣುಮಗಳ ವಿಷಯ ಬಂದಾಗ ನಮ್ಮ ಕುಟುಂಬಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ‘ಹೇಗಾದರೂ ಹೊಂದಿಕೊಂಡು ಹೋಗು ಮಗಳೇ, ಮಕ್ಕಳ ಮುಖ ನೋಡು’ ಎಂದು ಹಿರಿಯರು ಹೇಳುತ್ತಾರೆ. ‘ಇನ್ನೂ ಯಾಕೆ ಅಲ್ಲಿದ್ದೀ? ಇವತ್ತೇ ಬಿಟ್ಟು ಬಾ’ ಎಂದು ಕಿರಿಯರು ಹೇಳುತ್ತಾರೆ. ಮೊದಲನೆಯದನ್ನು ಹಳೆಯ ಕಾಲದ ಮಾತೆಂದೂ ಎರಡನೆಯದನ್ನು ಹೊಸ ಕಾಲದ ಮಾತೆಂದೂ ನಾವು ಬೇರ್ಪಡಿಸುತ್ತೇವೆ. ತುಸು ಯೋಚಿಸಿದರೆ ಎರಡೂ ಒಂದೇ ಜಾತಿಯವು, ಎರಡೂ ಅಪ್ಪಣೆಗಳು. ಆ ಮನೆಯೊಳಗೆ ನಡೆಯುತ್ತಿರುವುದೇನು, ಉಳಿದರೆ ಏನಾದೀತು, ಹೊರಟರೆ ಏನಾದೀತು ಎಂದು ಆಕೆಯನ್ನೇ ಕೇಳಿ, ಉತ್ತರ ಬರುವವರೆಗೆ ಕಾಯುವ ತಾಳ್ಮೆ ಎರಡರಲ್ಲೂ ಇಲ್ಲ.

ಹಾಗೆ ಕೇಳುವ ಕೆಲಸವನ್ನು ಕೆಲವು ದೇಶಗಳ ದಾದಿಯರೂ ಸಂಶೋಧಕರೂ ಗಣಕಯಂತ್ರ ಮತ್ತು ಮೊಬೈಲ್ ಫೋನಿನ ಮೂಲಕ ಮಾಡತೊಡಗಿದ್ದಾರೆ. ಅಂತರ್ಜಾಲದ ಈ ಸುರಕ್ಷತಾ ಯೋಜನೆಗಳ ಬಗ್ಗೆ ಈ ವಾರ ಬರೆಯಲು ಕಾರಣವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019-21) ಕರ್ನಾಟಕದ 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಶೇಕಡಾ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ತಿಳಿಸಿದರು. ದೇಶದ ಸರಾಸರಿ ಶೇಕಡಾ 29. ಇಡೀ ದೇಶದಲ್ಲಿ ಹಿಂಸೆಗೊಳಗಾದವರ ಪೈಕಿ ಶೇಕಡಾ 77ರಷ್ಟು ಮಂದಿ ಯಾರ ನೆರವನ್ನೂ ಕೋರಲಿಲ್ಲ, ಯಾರಿಗೂ ಹೇಳಲಿಲ್ಲ. ಈ ಲೆಕ್ಕದಿಂದ ನಮ್ಮ ಕಥೋಲಿಕ ಮನೆಗಳು ಹೊರತಾಗಿವೆ ಎಂದು ನಂಬಲು ನಮಗೆ ಯಾವ ಆಧಾರವೂ ಕಾಣುವುದಿಲ್ಲ. ಯಾರಿಗೂ ಹೇಳದ ಆ ಹೆಂಗಸರು ಭಾನುವಾರದ ಬಲಿಪೂಜೆಗೆ ಬರುತ್ತಾರೆ, ಜಪಸರ ಹಿಡಿದು ಕುಳಿತಿರುತ್ತಾರೆ, ಹೊರಗೆ ಎಲ್ಲರೊಡನೆ ನಕ್ಕು ಮಾತನಾಡಿ ಮನೆಗೆ ಹೋಗುತ್ತಾರೆ.

ವಿಷಯದ ಬೇರು 1980ರ ದಶಕದ ಅಮೆರಿಕದಲ್ಲಿದೆ. ಜ್ಯಾಕ್ವೆಲಿನ್ ಕ್ಯಾಂಪ್‌ಬೆಲ್ ಎಂಬ ದಾದಿ ಸಂಶೋಧಕಿ, ಪೆಟ್ಟು ತಿನ್ನುತ್ತಿರುವ ಹೆಂಗಸಿನ ಪ್ರಾಣಕ್ಕೆ ಎಷ್ಟರಮಟ್ಟಿನ ಅಪಾಯವಿದೆ ಎಂದು ಅಂದಾಜು ಮಾಡುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಅದರ ಹೆಸರು ‘ಡೇಂಜರ್ ಅಸೆಸ್‌ಮೆಂಟ್’, ಅಂದರೆ ಅಪಾಯದ ಅಂದಾಜು. ಅದರ ಮೊದಲ ಭಾಗದಲ್ಲಿ ಪ್ರಶ್ನೆಗಳೇ ಇಲ್ಲ. ಕಳೆದ ಒಂದು ವರ್ಷದ ಕ್ಯಾಲೆಂಡರನ್ನು ಆಕೆಯ ಮುಂದಿಡುತ್ತಾರೆ. ಪೆಟ್ಟು ಬಿದ್ದ ದಿನಗಳನ್ನು ಆಕೆ ಗುರುತು ಹಾಕಬೇಕು. ಪ್ರತಿ ಗುರುತಿನ ಪಕ್ಕದಲ್ಲಿ ಹಿಂಸೆಯ ತೀವ್ರತೆಯನ್ನು 1ರಿಂದ 5ರವರೆಗಿನ ಅಂಕೆಯಲ್ಲಿ ಬರೆಯಬೇಕು. ನೂಕಿದ್ದು, ಕೆನ್ನೆಗೆ ಬಾರಿಸಿದ್ದು ಒಂದು ಕೊನೆಯಲ್ಲಿ. ಆಯುಧ ಹಿಡಿದದ್ದು ಇನ್ನೊಂದು ಕೊನೆಯಲ್ಲಿ. ಹಬ್ಬ, ಹುಟ್ಟುಹಬ್ಬ, ಮಗುವಿನ ಪರೀಕ್ಷೆ ಇವುಗಳ ನೆನಪು ಹಿಡಿದು ದಿನಗಳನ್ನು ಹುಡುಕುತ್ತ ಹೋದಂತೆ, ‘ಅಪರೂಪಕ್ಕೊಮ್ಮೆ ಕೈಯೆತ್ತುತ್ತಾರೆ ಅಷ್ಟೆ’ ಎಂದು ಬಂದಿದ್ದ ಹೆಂಗಸು ತುಂಬಿದ ಹಾಳೆಯನ್ನು ತಾನೇ ನೋಡುತ್ತಾಳೆ. ಹಿಂಸೆ ಹೆಚ್ಚಿಲ್ಲ ಎಂದಿದ್ದ ಹಲವರು ಕ್ಯಾಲೆಂಡರ್ ತುಂಬಿದ ಮೇಲೆ ತಮ್ಮ ಉತ್ತರವನ್ನು ಬದಲಿಸಿದರು. ಯಾರೂ ಆಕೆಗೆ ಉಪದೇಶ ಮಾಡಿರಲಿಲ್ಲ.

ಬಳಿಕ ಪ್ರಶ್ನೆಗಳು ಬರುತ್ತವೆ. ಈಗಿನ ರೂಪದಲ್ಲಿ ಅವು 20. ಹೊಡೆತ ಇತ್ತೀಚೆಗೆ ಹೆಚ್ಚಿದೆಯೇ? ಕುತ್ತಿಗೆ ಹಿಸುಕಿದ್ದುಂಟೇ? ಕೊಲ್ಲುವೆನೆಂದು ಬೆದರಿಸಿದ್ದುಂಟೇ? ಗರ್ಭಿಣಿಯಾಗಿದ್ದಾಗ ಹೊಡೆದಿದ್ದುಂಟೇ? ನಿನ್ನ ದಿನಚರಿಯನ್ನೆಲ್ಲ ಆತನೇ ನಿಯಂತ್ರಿಸುತ್ತಾನೆಯೇ? ನಿನ್ನ ಹಿಂದೆ ಬಿದ್ದು ಬೇಹು ನಡೆಸುತ್ತಾನೆಯೇ? ಆತ ನಿನ್ನನ್ನು ಕೊಲ್ಲಬಲ್ಲನೆಂದು ನಿನಗೆ ಅನಿಸುತ್ತದೆಯೇ? ಮನೆಯಲ್ಲಿ ಬಂದೂಕು ಇದೆಯೇ ಎಂಬ ಪ್ರಶ್ನೆಯೂ ಇದೆ. ಅದು ಅಮೆರಿಕಕ್ಕೆ ಸಲ್ಲುವಷ್ಟು ನಮಗೆ ಸಲ್ಲದು, ಕೊಡಗು ಮತ್ತು ಮಲೆನಾಡಿನ ಮಾತು ಬೇರೆ.

ಅಮೆರಿಕದ 11 ನಗರಗಳಲ್ಲಿ ಗಂಡನಿಂದ ಅಥವಾ ಸಂಗಾತಿಯಿಂದ ಕೊಲೆಯಾದ 220 ಮಹಿಳೆಯರ ಪ್ರಕರಣಗಳನ್ನು ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಅದರಿಂದ ಮತ್ತು ಅದನ್ನು ಅನುಸರಿಸಿದ ಬರಹಗಳಿಂದ ಮೂರು ಸಂಗತಿಗಳನ್ನು ನಮ್ಮ ಕುಟುಂಬಗಳು ತಿಳಿದಿರಲೇಬೇಕು. ಹಿಂದೆ ಒಮ್ಮೆ ಕುತ್ತಿಗೆ ಹಿಸುಕಿಸಿಕೊಂಡ ಹೆಂಗಸು ಮುಂದೆ ಕೊಲೆಯಾಗುವ ಅಪಾಯ, ಪೆಟ್ಟು ತಿಂದರೂ ಹಾಗೆ ಹಿಸುಕಿಸಿಕೊಳ್ಳದ ಹೆಂಗಸಿಗಿಂತ 7 ಪಟ್ಟು ಹೆಚ್ಚು. ಕೊರಳಿನ ಮೇಲೆ ಗುರುತು ಕಾಣದಿದ್ದರೂ ಅದು ಕೋಪದ ಭರದಲ್ಲಿ ಆದ ಸಣ್ಣ ತಪ್ಪಲ್ಲ. ಎರಡನೆಯದು, ಎಲ್ಲವನ್ನೂ ತನ್ನ ಮುಷ್ಟಿಯಲ್ಲಿಟ್ಟುಕೊಳ್ಳುವ ಗಂಡಸನ್ನು ಹೆಂಗಸು ಬಿಟ್ಟು ಹೊರಟಾಗ ಅಪಾಯವು ಇಳಿಯುವ ಬದಲು ಏರುತ್ತದೆ; ‘ಇವತ್ತೇ ಬಿಟ್ಟು ಬಾ’ ಎನ್ನುವವರು ಇದನ್ನು ಅರಿತಿರುವುದಿಲ್ಲ. ಮೂರನೆಯದು ಇನ್ನೂ ಗಂಭೀರವಾದುದು. ಕೊಲೆಯಾದ ಅಥವಾ ಕೂದಲೆಳೆಯಲ್ಲಿ ಬದುಕುಳಿದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ತಮ್ಮ ಪ್ರಾಣಕ್ಕೆ ಅಪಾಯವಿದೆ ಎಂಬ ಅರಿವಿತ್ತು. ಆದುದರಿಂದ ‘ಆತ ನನ್ನನ್ನು ಕೊಂದುಬಿಡುತ್ತಾನೆ’ ಎಂದು ಆಕೆ ಹೇಳಿದರೆ ಆ ಮಾತನ್ನು ನಂಬಬೇಕು. ‘ಛೇ, ಅಷ್ಟೆಲ್ಲ ಏನೂ ಆಗದು’ ಎಂದು ಹೇಳಿದರೆ ಅಲ್ಲಿಗೇ ನಿಶ್ಚಿಂತರಾಗಬಾರದು.

ಈ ಪ್ರಶ್ನಾವಳಿಯನ್ನು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಇನ್ನೊಬ್ಬ ದಾದಿ ಸಂಶೋಧಕಿ ನ್ಯಾನ್ಸಿ ಗ್ಲಾಸ್ ಮತ್ತು ಸಂಗಡಿಗರು ಗಣಕಯಂತ್ರಕ್ಕೆ ಅಳವಡಿಸಿದರು. 2010ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ ಭಾಗವಹಿಸಿದವರು 90 ಮಹಿಳೆಯರು. ಮುಂದೆ ಅದೇ ‘ಮೈಪ್ಲ್ಯಾನ್’ ಎಂಬ ಆ್ಯಪ್ ಆಗಿ ಮೊಬೈಲಿಗೆ ಬಂತು. ಅದರ ಕ್ರಮ ಹೀಗಿದೆ. ಮೊದಲು ಸಂಬಂಧದ ಬಗ್ಗೆ ಕೆಲವು ಪ್ರಶ್ನೆಗಳು. ಆಮೇಲೆ ಅಪಾಯದ ಅಂದಾಜು. ಅನಂತರ, ಈ ಹೊತ್ತಿಗೆ ನಿನಗೆ ಯಾವುದು ಹೆಚ್ಚು ಮುಖ್ಯ ಎಂಬ ತೂಕ: ಮಕ್ಕಳ ಕ್ಷೇಮ, ಸ್ವಂತ ಸುರಕ್ಷತೆ, ಕೈಯಲ್ಲಿನ ಕಾಸು ಮತ್ತು ಇರಲೊಂದು ನೆಲೆ, ವಿಷಯ ಹೊರಬೀಳದಿರುವುದು, ಗಂಡನ ಬಗೆಗೆ ಮನಸ್ಸಿನಲ್ಲಿ ಇನ್ನೂ ಉಳಿದಿರುವ ಪ್ರೀತಿ. ಇವುಗಳನ್ನು ಎರಡೆರಡಾಗಿ ತಕ್ಕಡಿಗಿಟ್ಟಂತೆ ತೂಗಬೇಕು. ಕೊನೆಯಲ್ಲಿ ಆ ಉತ್ತರಗಳಿಗೆಲ್ಲ ಹೊಂದುವಂತಹ ಒಂದು ಯೋಜನೆ ಸಿದ್ಧವಾಗುತ್ತದೆ. ಉಳಿಯುವವಳಿಗೂ ಯೋಜನೆಯಿದೆ, ಹೊರಡುವವಳಿಗೂ ಇದೆ, ಹೊರಟು ಬಂದವಳಿಗೂ ಇದೆ.

ಗಂಡನ ಮೇಲಿನ ಪ್ರೀತಿಯನ್ನೂ ತಕ್ಕಡಿಗೆ ಹಾಕಿದ್ದನ್ನು ನಾವು ವಿಶೇಷವಾಗಿ ಗಮನಿಸಿದೆವು. ನೆರವಿಗೆ ಬಂದವರು ಬಹಳ ಸಲ ಆ ಪ್ರೀತಿಯನ್ನು ಮೂರ್ಖತನವೆಂದು ಹಳಿಯುತ್ತಾರೆ. ಹಾಗೆ ಹಳಿದ ಮೇಲೆ ಆಕೆ ಮತ್ತೆ ಅವರ ಬಳಿಗೆ ಬರುವುದಿಲ್ಲ.

ತತ್ವಶಾಸ್ತ್ರ ಓದಿದವರಿಗೆ ಇದರಲ್ಲಿ ಒಂದು ಹಳೆಯ ಪರಿಚಯ ಸಿಗುತ್ತದೆ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ಬಿಡಿಸಿ ಹೇಳುವಾಗ ಅದಕ್ಕೆ ಎಂಟು ಅಂಗಗಳನ್ನು ಎಣಿಸುತ್ತಾರೆ. ನಡೆದುದನ್ನು ನಡೆದಂತೆಯೇ ನೆನಪಿಡುವ ಸ್ಮೃತಿ, ಬರಲಿರುವುದನ್ನು ಕಾಣುವ ಮುನ್ನೋಟ, ಸುತ್ತಲ ಸನ್ನಿವೇಶವನ್ನು ಅಳೆಯುವ ಶಕ್ತಿ, ಕೇಡನ್ನು ದೂರವಿಡುವ ಎಚ್ಚರ ಇವೆಲ್ಲ ಆ ಅಂಗಗಳಲ್ಲಿ ಸೇರಿವೆ. ಕ್ಯಾಲೆಂಡರ್ ಸ್ಮೃತಿಯ ಕೆಲಸ ಮಾಡುತ್ತದೆ. ಪ್ರಶ್ನಾವಳಿ ಮುನ್ನೋಟದ ಕೆಲಸ. ತೂಕವು ಸನ್ನಿವೇಶದ ಕೆಲಸ. ಯೋಜನೆಯು ಎಚ್ಚರದ ಕೆಲಸ. ವಿವೇಕವು ಬಿಡಿ ಬಿಡಿ ಸಂಗತಿಗಳಿಗೆ ಸಂಬಂಧಿಸಿದ್ದು ಎಂದೂ ಅಕ್ವಿನಾಸರು ಹೇಳುತ್ತಾರೆ. ಸಾಮಾನ್ಯ ತತ್ವವನ್ನು ಗುರುವೂ ಬಲ್ಲ, ವಕೀಲನೂ ಬಲ್ಲ. ಆದರೆ ಸಂಜೆ ಗೇಟಿನ ಬಳಿ ನಿಂತ ಸ್ಕೂಟರಿನ ಸದ್ದಿನಿಂದಲೇ ಆ ರಾತ್ರಿ ಹೇಗಿರುತ್ತದೆ ಎಂದು ಅಳೆಯಬಲ್ಲವಳು ಆಕೆ ಒಬ್ಬಳೇ. ಆ ಬಿಡಿ ಸಂಗತಿ ಇಲ್ಲದ ಸಲಹೆ, ಎಷ್ಟೇ ಪವಿತ್ರವಾಗಿದ್ದರೂ, ವಿವೇಕವೆನಿಸದು.

ಸುರಕ್ಷತೆಯ ಯೋಜನೆ ಎಂದರೆ ಏನೋ ದೊಡ್ಡದೆಂದು ಭಾವಿಸಬೇಕಾಗಿಲ್ಲ. ಜಗಳ ಏರುವಾಗ ಅಡುಗೆಮನೆಯಿಂದ ಹೊರಬಂದು ಬಾಗಿಲಿರುವ ಕೋಣೆಯಲ್ಲಿ ನಿಲ್ಲುವುದು. ನೆರೆಯ ಒಬ್ಬಾಕೆಯೊಡನೆ ಒಂದು ಸಂಕೇತದ ಮಾತನ್ನು ಗೊತ್ತುಮಾಡಿಕೊಳ್ಳುವುದು. ‘ಕಾಫಿಪುಡಿ ಇದೆಯಾ’ ಎಂದು ಕೇಳಿದರೆ ಪೊಲೀಸರಿಗೆ ಫೋನು ಮಾಡಬೇಕೆಂದು ಅರ್ಥ. ಮಕ್ಕಳು ನಡುವೆ ಬರದೆ ಯಾವ ಮನೆಗೆ ಓಡಬೇಕೆಂದು ಅವರಿಗೆ ಕಲಿಸಿರುವುದು. ಆಧಾರ್ ಕಾರ್ಡು, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಮಕ್ಕಳ ಜನನ ಪತ್ರ, ಮದುವೆಯ ದಾಖಲೆ, ನಿತ್ಯದ ಔಷಧಿ, ಒಂದಿಷ್ಟು ಹಣ, ಒಂದು ಬೀಗದ ಕೈ, ಇವುಗಳನ್ನು ಅಥವಾ ಇವುಗಳ ಪ್ರತಿಗಳನ್ನು ನಂಬುಗೆಯ ಒಂದು ಮನೆಯಲ್ಲಿ ಇಡುವುದು. ಅಷ್ಟೇ.

ಇನ್ನು ಮೊಬೈಲಿನ ಮಾತು. ದಾರಿ ತೋರಿಸಬೇಕಾದ ಫೋನೇ ಆಕೆಯನ್ನು ಹಿಡಿದುಕೊಡುವ ಸಾಧ್ಯತೆಯೂ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸಿನ ಕೈಯಲ್ಲಿರುವ ಫೋನು ಗಂಡ ಕೊಡಿಸಿದ್ದು. ಸಿಮ್ ಆತನ ಹೆಸರಿನದು. ಬೀಗ ತೆರೆಯುವ ಅಂಕೆ ಆತನಿಗೆ ಗೊತ್ತು. ಇಬ್ಬರಿಗೂ ಒಂದೇ ಗೂಗಲ್ ಖಾತೆಯಿದ್ದರೆ ಆಕೆ ಹುಡುಕಿದ್ದೆಲ್ಲ ಆತನ ಫೋನಿನಲ್ಲಿಯೂ ಕಾಣಬಹುದು. ವಾಟ್ಸಾಪಿನಲ್ಲಿ ‘ಲಿಂಕ್ಡ್ ಡಿವೈಸಸ್’ ಎಂಬ ಸೌಕರ್ಯವಿದೆ. ಆಕೆಯ ಫೋನು ಕ್ಷಣಕಾಲ ಕೈಗೆ ಸಿಕ್ಕರೆ ಸಾಕು, ಆಕೆಯ ಸಂದೇಶಗಳನ್ನೆಲ್ಲ ಇನ್ನೊಂದು ಯಂತ್ರದಲ್ಲಿ ಓದುವಂತೆ ಮಾಡಿಡಬಹುದು. ನಕ್ಷೆಯ ಆ್ಯಪಿನಲ್ಲಿ ಆಕೆಯಿರುವ ಸ್ಥಳ ಆತನಿಗೆ ತಿಳಿಯುವಂತೆ ಹೊಂದಿಸಿಡಬಹುದು. ಇಂತಹ ನೆರವಿನ ತಾಣಗಳಲ್ಲಿ ತಟ್ಟನೆ ಹೊರಬರುವ ಒಂದು ಗುಂಡಿ ಇರುವುದುಂಟು. ಒತ್ತಿದೊಡನೆ ಹವಾಮಾನದ ಅಥವಾ ಸುದ್ದಿಯ ಪುಟ ತೆರೆಯುತ್ತದೆ. ಒಳ್ಳೆಯದೇ. ಆದರೆ ಭೇಟಿ ಕೊಟ್ಟ ತಾಣಗಳ ಪಟ್ಟಿಯನ್ನು ಆ ಗುಂಡಿ ಅಳಿಸುವುದಿಲ್ಲ. ಕರೆಗಳ ಪಟ್ಟಿಯಲ್ಲಿ ಸಹಾಯವಾಣಿಯ ಸಂಖ್ಯೆಯೂ ಉಳಿದಿರುತ್ತದೆ.

ಹಾಗೆಂದು ಗಾಬರಿಯಿಂದ ಒಂದೇ ದಿನ ಗುಪ್ತಪದಗಳನ್ನೆಲ್ಲ ಬದಲಾಯಿಸುವುದೂ ಸರಿಯಲ್ಲ. ನೆನ್ನೆಯವರೆಗೆ ತೆರೆದಿದ್ದುದು ಇಂದು ಮುಚ್ಚಿದೆ ಎಂಬುದೇ ಆತನಿಗೆ ಸುಳಿವಾಗಿ ಕೋಪ ಕೆರಳಬಹುದು. ಅದಕ್ಕಿಂತ ಆತನ ಕೈಗೆ ಎಂದೂ ಸಿಗದ ಫೋನೊಂದನ್ನು ಬಳಸುವುದು ಲೇಸು: ಅಕ್ಕನದು, ಶಾಲೆಯ ಸಹೋದ್ಯೋಗಿಯದು, ಕಾನ್ವೆಂಟಿನ ಸಿಸ್ಟರದು. ಈ ಒಂದು ವಿಷಯದಲ್ಲಿ ಅಂತರ್ಜಾಲಕ್ಕಿಂತ ಅಕ್ಕಪಕ್ಕವೇ ಗಟ್ಟಿ ಎಂದು ನಮ್ಮ ಅಭಿಪ್ರಾಯ.

ಈ ಸಾಧನಗಳಿಂದ ನಿಜವಾಗಿ ಪ್ರಯೋಜನವಾಗುತ್ತದೆಯೇ? ಅಮೆರಿಕದ ಆರಿಜೋನಾ, ಮೇರಿಲ್ಯಾಂಡ್, ಮಿಸ್ಸೂರಿ, ಒರೆಗಾನ್ ರಾಜ್ಯಗಳ 700ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ಅವರವರಿಗೆ ತಕ್ಕಂತೆ ಯೋಜನೆ ರೂಪಿಸುವ ಸಾಧನ, ಉಳಿದವರಿಗೆ ಎಲ್ಲರಿಗೂ ಒಂದೇ ಎನ್ನುವ ಸಾಮಾನ್ಯ ಮಾಹಿತಿ. ವರ್ಷದ ಕೊನೆಯಲ್ಲಿ ಹಿಂಸೆಯ ಪ್ರಮಾಣದಲ್ಲಾಗಲಿ ಖಿನ್ನತೆಯಲ್ಲಾಗಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡಬಾರದು. ಆದರೆ ಸಾಧನವನ್ನು ಒಂದೇ ಸಲ ಬಳಸಿದವರಲ್ಲಿಯೂ ಮನಸ್ಸಿನ ತೊಳಲಾಟ ಇಳಿದಿತ್ತು, ಉಪಯೋಗಕ್ಕೆ ಬಂದ ಎಚ್ಚರಿಕೆಯ ಕ್ರಮಗಳು ಹೆಚ್ಚಿದ್ದವು. ಹಿಂಸಿಸುವವನನ್ನು ಬಿಟ್ಟು ಬಂದವರು ಆ ಗುಂಪಿನಲ್ಲಿ ಶೇಕಡಾ 63, ಇನ್ನೊಂದರಲ್ಲಿ 53. ‘ಬಿಟ್ಟು ಬಾ’ ಎಂದು ಆ ಸಾಧನ ಯಾರಿಗೂ ಅಪ್ಪಣೆ ಕೊಟ್ಟಿರಲಿಲ್ಲ ಎಂಬುದನ್ನು ಓದುಗರು ನೆನಪಿಡಬೇಕು. ಹೊರಟು ಬಂದವರು ಮೊದಲಿನಿಂದಲೇ ಹೆಚ್ಚು ಅಪಾಯದಲ್ಲಿದ್ದವರು.

ನ್ಯೂಜಿಲೆಂಡಿನಲ್ಲಿ 412 ಮಹಿಳೆಯರ ಮೇಲೆ ನಡೆದ ಇಂತಹದೇ ಪರೀಕ್ಷೆಯಲ್ಲಿ ಹಿಂಸೆ ಇಳಿದದ್ದು ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಮಹಿಳೆಯರಲ್ಲಿ ಮಾತ್ರ. ನಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರವಾದುದು ಕೆನ್ಯಾದ ಅನುಭವ. ನೈರೋಬಿಯ ಬಡ ವಸತಿಗಳಲ್ಲಿ ಎಲ್ಲ ಹೆಂಗಸರ ಬಳಿಯೂ ಸುರಕ್ಷಿತವಾದ ಸ್ವಂತ ಫೋನು ಇರಲಿಲ್ಲ. ಆದುದರಿಂದ ಅಲ್ಲಿನ ಆರೋಗ್ಯ ಸ್ವಯಂಸೇವಕಿಯರು, ನಮ್ಮ ಆಶಾ ಕಾರ್ಯಕರ್ತೆಯರಂತಹವರು, ‘ಮೈಪ್ಲ್ಯಾನ್’ ಇರುವ ಯಂತ್ರವನ್ನು ತಾವೇ ಒಯ್ದು ಪಕ್ಕದಲ್ಲಿ ಕುಳಿತು ಬಳಸಲು ನೆರವಾದರು. 352 ಮಹಿಳೆಯರ ಆ ಪರೀಕ್ಷೆಯ ವರದಿ 2020ರಲ್ಲಿ ಬಂತು. ತಮ್ಮ ಸುರಕ್ಷತೆಗೆ ತಾವು ಸಿದ್ಧರಿದ್ದೇವೆಂಬ ಭಾವ ಅವರಲ್ಲಿ ಹೆಚ್ಚಿತ್ತು. ಪರದೆಯ ಪಕ್ಕದಲ್ಲಿ ಒಬ್ಬ ಮನುಷ್ಯಳಿದ್ದಳು.

ನಮ್ಮ ದೇಶದಲ್ಲಿಯೂ ಇದಕ್ಕೆ ಕಾನೂನಿನ ಆಧಾರವಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ, 2005, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ ನಿಯಮಾವಳಿಗೆ ಲಗತ್ತಿಸಿದ ಐದನೆಯ ನಮೂನೆಯ ಹೆಸರೇ ಸುರಕ್ಷತಾ ಯೋಜನೆ. ನಡೆದ ಹಿಂಸೆ, ಅದರ ಪರಿಣಾಮ, ಆಕೆಯ ಭಯ, ಸುರಕ್ಷತೆಗೆ ಬೇಕಾದ ಕ್ರಮ, ನ್ಯಾಯಾಲಯದಿಂದ ಬಯಸುವ ಆದೇಶ ಇವುಗಳನ್ನು ಆಕೆಯೊಡನೆ ಕುಳಿತು ತುಂಬಿಸುವುದು ರಕ್ಷಣಾಧಿಕಾರಿಯ ಕರ್ತವ್ಯ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿಗಳು. ಜೈಲಿಗೆ ಕಳುಹಿಸದೆಯೇ ಗಂಡನನ್ನು ತಡೆಯುವ ಆದೇಶ ಪಡೆಯಲು ಈ ಕಾಯಿದೆಯಲ್ಲಿ ಅವಕಾಶವಿದೆ. ಮನೆ ಆಕೆಯ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಆಕೆಗಿದೆ. ‘ಮನೆ ಬಿಟ್ಟರೆ ಬೀದಿ’ ಎಂಬ ಭಯದಿಂದ ಪೆಟ್ಟು ಸಹಿಸುವವರಿಗೆ ಇದನ್ನು ಯಾರಾದರೂ ತಿಳಿಸಬೇಕು.

ಧರ್ಮಸಭೆಯ ಮಾತಿಗೆ ಬರೋಣ. ವಿವಾಹ ಸಂಸ್ಕಾರ ಬಿಡಿಸಲಾಗದ್ದು, ಆದುದರಿಂದ ಸಹಿಸಿಕೊಳ್ಳಲೇಬೇಕು ಎಂದು ಎಷ್ಟೋ ಹೆಂಗಸರು ಪ್ರಾಮಾಣಿಕವಾಗಿ ನಂಬಿದ್ದಾರೆ. ಮೊದಲ ಮಾತು ನಿಜ. ಎರಡನೆಯದು ಅದರಿಂದ ಹುಟ್ಟುವುದಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1153ನೆಯ ವಿಧಿಯ ಪ್ರಕಾರ, ಸಂಗಾತಿಯ ಅಥವಾ ಮಕ್ಕಳ ದೇಹಕ್ಕಾಗಲಿ ಆತ್ಮಕ್ಕಾಗಲಿ ಗಂಭೀರ ಅಪಾಯ ತಂದೊಡ್ಡುವವನು, ಬೇರೆ ವಾಸಿಸಲು ಆಕೆಗೆ ನ್ಯಾಯವಾದ ಕಾರಣವನ್ನು ತಾನೇ ಕೊಟ್ಟಂತಾಗುತ್ತದೆ. ಧರ್ಮಾಧ್ಯಕ್ಷರ ಆದೇಶದಿಂದ ಹಾಗೆ ಬೇರೆಯಾಗಬಹುದು. ತಡಮಾಡಿದರೆ ಅಪಾಯ ಎನ್ನುವಲ್ಲಿ ಆಕೆ ಸ್ವಂತ ನಿರ್ಧಾರದಿಂದಲೇ ಹೊರಡಬಹುದು. ಪೋಪ್ ಫ್ರಾನ್ಸಿಸರು 2016ರ ‘ಅಮೋರಿಸ್ ಲೆತಿತಿಯ’ ಪತ್ರದ 241ನೆಯ ಪರಿಚ್ಛೇದದಲ್ಲಿ, ದುರ್ಬಲರನ್ನು ಮತ್ತು ಮಕ್ಕಳನ್ನು ಹಿಂಸೆಯಿಂದ ಪಾರುಮಾಡಲು ಬೇರೆಯಾಗುವುದು ನೈತಿಕವಾಗಿ ಅಗತ್ಯವೂ ಆಗಬಹುದೆಂದು ತಿಳಿಸಿದರು. ಬೇರೆ ವಾಸ ಎಂದರೆ ವಿವಾಹ ರದ್ದಾಯಿತೆಂದು ಅರ್ಥವಲ್ಲ. ಹಾಗೆ ಬಂದವಳು ಪರಮಪ್ರಸಾದದಿಂದ ದೂರ ಉಳಿಯಬೇಕಾಗಿಯೂ ಇಲ್ಲ. ಕ್ಷಮಿಸುವುದು ಕ್ರೈಸ್ತರ ಕರ್ತವ್ಯ. ಕ್ಷಮಿಸಿದವನ ಕೈಗೆಟಕುವಷ್ಟು ಹತ್ತಿರ ನಿಂತಿರುವುದು ಕರ್ತವ್ಯವಲ್ಲ.

ನಮ್ಮಂತಹ ಗುರುಗಳಿಗೆ ಒಂದು ಪ್ರತ್ಯೇಕ ಮಾತು. ಗಂಡ ಹೆಂಡಿರಿಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸುವುದು ಸಾಮಾನ್ಯ ಮನಸ್ತಾಪಕ್ಕೆ ಒಳ್ಳೆಯ ಔಷಧ. ಹಿಂಸೆ ನಡೆಯುತ್ತಿರುವಲ್ಲಿ ಅದು ತದ್ವಿರುದ್ಧ ಫಲ ಕೊಡುತ್ತದೆ. ನಮ್ಮ ಮುಂದೆ ಆಕೆ ನುಡಿದ ಸತ್ಯಕ್ಕೆ ಮನೆಯಲ್ಲಿ ದಂಡ ತೆರಬೇಕಾಗುತ್ತದೆ. ತೆರಬೇಕಾದೀತೆಂಬ ಭಯದಿಂದ ಆಕೆ ನಮ್ಮ ಮುಂದೆ ಸತ್ಯವನ್ನೇ ನುಡಿಯುವುದಿಲ್ಲ. ಆಕೆಯನ್ನು ಒಂಟಿಯಾಗಿ, ಆಕೆಗೆ ಅನುಕೂಲವಾದ ಹೊತ್ತಿನಲ್ಲಿ ಕೇಳಬೇಕು. ಕೇಳಿದ್ದನ್ನು ಆತನಿಗೆ ಮುಟ್ಟಿಸಬಾರದು. ಆಕೆಯ ಮನೆಗೆ ಫೋನು ಮಾಡಿ ‘ಈಗ ಹೇಗಿದ್ದೀಯಮ್ಮ’ ಎಂದು ವಿಚಾರಿಸುವ ಸದುದ್ದೇಶವನ್ನೂ ಆಕೆಯ ಒಪ್ಪಿಗೆಯಿಲ್ಲದೆ ತೋರಬಾರದು.

ಸಂಖ್ಯೆಗಳು ಹೀಗಿವೆ. ತುರ್ತು ಸನ್ನಿವೇಶಕ್ಕೆ 112. ಮಹಿಳಾ ಸಹಾಯವಾಣಿ 181. ರಾಷ್ಟ್ರೀಯ ಮಹಿಳಾ ಆಯೋಗದ ಸಹಾಯವಾಣಿ 7827170170. ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ತಾತ್ಕಾಲಿಕ ವಸತಿ ಒಂದೇ ಕಡೆ ದೊರಕುವ ‘ಸಖಿ’ ಕೇಂದ್ರಗಳ ಯೋಜನೆ 2015ರಲ್ಲಿ ಆರಂಭವಾಯಿತು. ಧರ್ಮಕೇಂದ್ರಗಳು ಈ ಸಂಖ್ಯೆಗಳನ್ನು ಚರ್ಚಿನ ಮುಂಬಾಗಿಲ ಸೂಚನಾಫಲಕದಲ್ಲಿ ಹಾಕಿದರೆ ಬೇಕಾದವಳು ಗಂಡನ ಪಕ್ಕದಲ್ಲಿ ನಿಂತು ಓದಲಾರಳು. ಸಭಾಂಗಣದ ಹೆಂಗಸರ ಶೌಚಾಲಯದಲ್ಲಿ, ಬಾಗಿಲಿನ ಒಳಬದಿಯಲ್ಲಿ, ಅಂಗೈಯಲ್ಲಿ ಮುಚ್ಚಬಹುದಾದಷ್ಟು ಸಣ್ಣ ಚೀಟಿಗಳಲ್ಲಿ ಬರೆದಿಡಬೇಕು. ಹರಿದುಕೊಂಡು ಹೋದಂತೆಲ್ಲ ಹೊಸದನ್ನು ಇಡಬೇಕು.